"ಅಪರೂಪಕ್ಕೆ" ಅಂದರೆ ಎಷ್ಟು ಗ್ರಾಂ? ಶನಿವಾರದ ಕುಡಿತ, ಮಂಗಳವಾರದ ಓಟ: ಒಂದು ಪ್ರಕರಣ ಅಧ್ಯಯನ

ನನ್ನ ಹತ್ತಿರ ಓಟದ ತರಬೇತಿಗೆ ಬರುವವರಿಗೆ ಮೊದಲ ದಿನ ಒಂದು ಫಾರ್ಮ್ ಕೊಡುತ್ತೇನೆ. ಅದರಲ್ಲಿ "ಕುಡಿಯುವ ಅಭ್ಯಾಸ ಇದೆಯಾ?" ಅಂತ ಒಂದು ಪ್ರಶ್ನೆ ಇತ್ತು. ಈ ಓಟಗಾರರು ಅದರ ಮುಂದೆ ಬರೆದದ್ದು ಒಂದೇ ಪದ: "ಅಪರೂಪಕ್ಕೆ". ನಾನೂ ಓದಿ ಮುಂದಿನ ಸಾಲಿಗೆ ಹೋದೆ. ಆ ಒಂದು ಪದವನ್ನು ಬಿಡಿಸಿ ನೋಡುವಷ್ಟರಲ್ಲಿ ಆರು ವಾರ ಕಳೆದಿತ್ತು.

ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇನೆ. ಓಟದ ಅಂಕಿಗಳೆಲ್ಲ ಅವರ ನೋಟ್‌ಬುಕ್ಕಿನವು ಮತ್ತು ಕೈಗಡಿಯಾರದವು.

ಸಮಸ್ಯೆ ಏನಿತ್ತು

ವಯಸ್ಸು 34. ತೂಕ 70 ಕೆಜಿ. ಕೂತು ಮಾಡುವ ಕೆಲಸ. ನಾಲ್ಕು ವರ್ಷದಿಂದ ಓಡುತ್ತಿದ್ದಾರೆ. 10 ಕಿ.ಮೀ. ಓಟದಲ್ಲಿ ಅವರ ಅತ್ಯುತ್ತಮ ಸಮಯ 48 ನಿಮಿಷ 40 ಸೆಕೆಂಡ್. ಒಂದೂವರೆ ವರ್ಷದಿಂದ ಅಲ್ಲೇ ನಿಂತಿದ್ದರು. ಸೋಮಾರಿ ಅಂತ ಯಾರೂ ಹೇಳುವ ಹಾಗಿಲ್ಲ. ವಾರಕ್ಕೆ ಐದು ದಿನ, ಹತ್ತಿರ ಹತ್ತಿರ 45 ಕಿ.ಮೀ. ಓಡುತ್ತಾರೆ. ಶನಿವಾರ ಬೆಳಿಗ್ಗೆ ಏರುದಾರಿಯ ಓಟ. ಭಾನುವಾರ 18 ಕಿ.ಮೀ. ನಿಧಾನದ ಲಾಂಗ್ ರನ್. ಸೋಮವಾರ ವಿಶ್ರಾಂತಿ. ಮಂಗಳವಾರ ಸಾವಿರ ಮೀಟರ್ ವೇಗದ ಓಟ, ಆರು ಸಲ. ಬುಧವಾರ, ಗುರುವಾರ ಹಗುರ. ಶುಕ್ರವಾರ ಮತ್ತೆ ವಿಶ್ರಾಂತಿ.

ಅವರ ದೂರು ಭಾನುವಾರದ ಬಗ್ಗೆ ಇರಲೇ ಇಲ್ಲ. "ಭಾನುವಾರ ಹೇಗೋ ಮುಗಿಸ್ತೀನಿ. ಮಂಗಳವಾರ ಸತ್ತು ಹೋಗ್ತೀನಿ" ಅಂದರು. ಅವರ ನೋಟ್‌ಬುಕ್ಕಿನ ಒಂದು ಮಂಗಳವಾರ ಹೀಗಿದೆ: 4:31, 4:33, 4:38, 4:44, 4:53. ಆರನೆಯದಕ್ಕೆ ಅಡ್ಡಗೆರೆ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ "ಕಾಲಲ್ಲಿ ಮರಳು ತುಂಬಿದ ಹಾಗೆ". ಒಂದೊಂದು ಸಾವಿರ ಮೀಟರಿಗೂ ನಾನು ಕೊಟ್ಟಿದ್ದ ಗುರಿ 4:30. ಎರಡಕ್ಕೆ ಹತ್ತಿರ ಬಂದಿದ್ದಾರೆ, ಆಮೇಲೆ ಜಾರುತ್ತಲೇ ಹೋಗಿದ್ದಾರೆ. ವೇಗ ಇಲ್ಲದವರ ಓಟ ಹೀಗಿರುವುದಿಲ್ಲ. ಅವರು ಮೊದಲಿನಿಂದಲೇ ನಿಧಾನ ಇರುತ್ತಾರೆ. ವೇಗ ಇದ್ದೂ ಚೇತರಿಕೆ ಆಗದವರ ಓಟ ಹೀಗಿರುತ್ತದೆ.

ನಾನು ತಪ್ಪಿದ ದಾರಿ

ಮೊದಲು ಓಟ ಜಾಸ್ತಿ ಆಯಿತು ಅಂದುಕೊಂಡು ವಾರಕ್ಕೆ 38 ಕಿ.ಮೀ.ಗೆ ಇಳಿಸಿದೆ. ಏನೂ ಬದಲಾಗಲಿಲ್ಲ. ಶೂ ಬದಲಾಯಿಸಿದರು. ಅದೂ ಆಗಲಿಲ್ಲ. ವೈದ್ಯರ ಹತ್ತಿರ ಕಳಿಸಿದೆ. ಹಿಮೋಗ್ಲೋಬಿನ್, ಕಬ್ಬಿಣದಂಶ, ಥೈರಾಯ್ಡ್ ಎಲ್ಲ ಸರಿ ಇತ್ತು. ಹೀಗೇ ಆರು ವಾರ ಹೋಯಿತು. ಅಷ್ಟೂ ದಿನ ನನ್ನ ಮೇಜಿನ ಮೇಲೆ ಆ ಫಾರ್ಮ್ ಬಿದ್ದಿತ್ತು.

ಸುಳಿವು ಸಿಕ್ಕಿದ್ದು ಆಕಸ್ಮಿಕವಾಗಿ. ಹೊಸ ಕೈಗಡಿಯಾರ ತಗೊಂಡಿದ್ದರು. "ನೋಡಿ, ಇದು ನಿದ್ದೆಯನ್ನೂ ಅಳೆಯುತ್ತೆ" ಅಂತ ಖುಷಿಯಲ್ಲಿ ಏಳು ರಾತ್ರಿಗಳ ಹೃದಯ ಬಡಿತದ ಗ್ರಾಫ್ ಕಳಿಸಿದರು. ಆರು ರಾತ್ರಿಗಳು ಒಂದೇ ಥರ. ಮಲಗಿದ ಒಂದೆರಡು ಗಂಟೆಗೆ ಗೆರೆ ಜೋಕಾಲಿಯ ಹಗ್ಗದ ಹಾಗೆ ಕೆಳಗೆ ಬಾಗುತ್ತದೆ, ನಿಮಿಷಕ್ಕೆ 50ರ ಹತ್ತಿರ ಬರುತ್ತದೆ, ಬೆಳಗಿನ ಹೊತ್ತಿಗೆ ಮೆಲ್ಲಗೆ ಏರುತ್ತದೆ. ಶನಿವಾರ ರಾತ್ರಿಯದು ಮಾತ್ರ ಬೇರೆ. 12 ಗಂಟೆಗೆ ಮಲಗಿದ್ದಾರೆ, ಮೂರೂವರೆಯವರೆಗೂ ಗೆರೆ 75ರಿಂದ ಕೆಳಗೆ ಇಳಿದೇ ಇಲ್ಲ. ಬೆಳಿಗ್ಗೆ ಐದೂವರೆಗೆ ಎದ್ದಾಗ 63.

"ಶನಿವಾರ ರಾತ್ರಿ ಜ್ವರ ಇತ್ತಾ?" ಅಂತ ಕೇಳಿದೆ.

"ಇಲ್ಲಪ್ಪ. ಫ್ರೆಂಡ್ಸ್ ಜೊತೆ ಕೂತಿದ್ವಿ, ಅಷ್ಟೆ."

"ಪ್ರತಿ ಶನಿವಾರವೂ?"

"ಪ್ರತಿ ಶನಿವಾರ. ವಾರಕ್ಕೆ ಒಂದೇ ಸಲ."

ಅವರು ಸುಳ್ಳು ಬರೆದಿರಲಿಲ್ಲ. ಏಳು ದಿನದಲ್ಲಿ ಒಂದು ದಿನ ಅವರ ಲೆಕ್ಕಕ್ಕೆ ಅಪರೂಪವೇ. ಪ್ರಶ್ನೆ ಕೇಳಿದ್ದ ನಾನೇ ಸರಿಯಾಗಿ ಕೇಳಿರಲಿಲ್ಲ. ಎಷ್ಟು ದಿನಕ್ಕೊಮ್ಮೆ ಅನ್ನುವುದು ಒಂದು ವಿಷಯ, ಆ ದಿನ ಎಷ್ಟು ಅನ್ನುವುದು ಇನ್ನೊಂದು. ಯಾವ ಕೆಲಸದ ಹಿಂದೆ ಹಿಂದೆಯೇ ಅನ್ನುವುದು ಮೂರನೆಯದು. ಈ ಪ್ರಕರಣದಲ್ಲಿ ಮೂರನೆಯದೇ ಮುಖ್ಯ ಅಂತ ಆಮೇಲೆ ಗೊತ್ತಾಯಿತು.

ಶನಿವಾರ ರಾತ್ರಿಯ ಲೆಕ್ಕ

ಒಟ್ಟಿಗೆ ಕೂತು ಒಂದು ಹಾಳೆಯ ಮೇಲೆ ಲೆಕ್ಕ ಹಾಕಿದೆವು. ಸಾಮಾನ್ಯವಾಗಿ ಮೂರು ಬಿಯರ್, ತಲಾ 500 ಮಿಲಿ, ಶೇ. 5ರದ್ದು. ಕೊನೆಗೆ ಎರಡು ಪೆಗ್ ವಿಸ್ಕಿ, ತಲಾ 60 ಮಿಲಿ, ಶೇ. 40ರದ್ದು. ಶುರು ಎಂಟಕ್ಕೆ, ಮುಗಿಯುವುದು ಹನ್ನೊಂದೂವರೆಗೆ.

ಬಾಟಲಿಯ ಮೇಲಿನ ಶೇಕಡಾ ಲೆಕ್ಕ ಇರುವುದು ಪ್ರಮಾಣದಲ್ಲಿ, ತೂಕದಲ್ಲಿ ಅಲ್ಲ. ಒಂದು ಮಿಲಿ ಆಲ್ಕೋಹಾಲ್ ತೂಗುವುದು 0.79 ಗ್ರಾಂ. ಹಾಗಾಗಿ 500 ಮಿಲಿ ಬಿಯರಿನಲ್ಲಿ 25 ಮಿಲಿ, ಅಂದರೆ ಸುಮಾರು 20 ಗ್ರಾಂ. ಮೂರಕ್ಕೆ 59. ಒಂದು ಪೆಗ್ಗಿಗೆ 19, ಎರಡಕ್ಕೆ 38. ಒಟ್ಟು 97 ಗ್ರಾಂ. ಅವರ ತೂಕಕ್ಕೆ ಭಾಗಿಸಿದರೆ ಕೆಜಿಗೆ 1.4 ಗ್ರಾಂ. ಈ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

97 ಗ್ರಾಂ ಅನ್ನುವುದನ್ನು ನೋಡಿ ಅವರಿಗೆ ಅಂಥದ್ದೇನೂ ಅನ್ನಿಸಲಿಲ್ಲ. ಗ್ರಾಂ ಲೆಕ್ಕದಲ್ಲಿ ಯಾರೂ ಕುಡಿಯುವುದಿಲ್ಲವಲ್ಲ. ಅವರು ಬೆಚ್ಚಿದ್ದು ಮುಂದಿನ ಸಾಲಿಗೆ.

ಲಿವರ್ ಆಲ್ಕೋಹಾಲನ್ನು ತನ್ನದೇ ವೇಗದಲ್ಲಿ ಕರಗಿಸುತ್ತದೆ. ಕಾಫಿ ಕುಡಿದರೂ, ತಣ್ಣೀರು ಸ್ನಾನ ಮಾಡಿದರೂ, ಬೆವರು ಸುರಿಸಿದರೂ ಆ ವೇಗ ಹೆಚ್ಚುವುದಿಲ್ಲ. ಸರಾಸರಿ ಲೆಕ್ಕದಲ್ಲಿ ಗಂಟೆಗೆ 100 ಮಿಲಿ ರಕ್ತಕ್ಕೆ 15 ಮಿಲಿಗ್ರಾಂ ಇಳಿಯುತ್ತದೆ. ಕೆಲವರಿಗೆ ಸ್ವಲ್ಪ ಕಮ್ಮಿ, ಕೆಲವರಿಗೆ ಸ್ವಲ್ಪ ಜಾಸ್ತಿ. 70 ಕೆಜಿಯ ಗಂಡಸಿನ ದೇಹದಲ್ಲಿ 97 ಗ್ರಾಂ ಹರಡಿದರೆ 100 ಮಿಲಿಗೆ 200 ಮಿಲಿಗ್ರಾಂ ಆಸುಪಾಸು ಬರುತ್ತದೆ. ಎಂಟು ಗಂಟೆಯಿಂದಲೇ ಕಳೆಯುತ್ತಾ ಬನ್ನಿ. ಬೆಳಿಗ್ಗೆ ಆರಕ್ಕೆ ಹತ್ತು ಗಂಟೆ ಆಯಿತು, 150 ಹೋಯಿತು. ಇನ್ನೂ 50 ಉಳಿದಿದೆ. ಪೂರ್ತಿ ಖಾಲಿಯಾಗುವುದು ಒಂಬತ್ತೂವರೆಯ ಹೊತ್ತಿಗೆ.

ಬೆಳಿಗ್ಗೆ ಆರು ಅಂದರೆ ಅವರ 18 ಕಿ.ಮೀ. ಶುರುವಾಗುವ ಸಮಯ. 100 ಮಿಲಿಗೆ 50 ಮಿಲಿಗ್ರಾಂ ಅಂದರೆ ಎಷ್ಟೋ ದೇಶಗಳಲ್ಲಿ ಗಾಡಿ ಓಡಿಸುವವರಿಗೆ ಇರುವ ಮಿತಿ.

ಅವರು ಸ್ವಲ್ಪ ಹೊತ್ತು ಹಾಳೆ ನೋಡಿದರು. "ಅಂದ್ರೆ ಇಷ್ಟು ದಿನ ನಾನು ಕುಡಿದು ಓಡ್ತಿದ್ನಾ?"

ಇದು ಅಂದಾಜು ಲೆಕ್ಕ. ಉಸಿರು ಊದಿಸಿ ಅಳೆದದ್ದಲ್ಲ. ಊಟದ ಜೊತೆ ಕುಡಿದರೆ ಅಂಕಿ ಸ್ವಲ್ಪ ಕೆಳಗೇ ಇರಬಹುದು. ಆದರೂ "ಬೆಳಿಗ್ಗೆ ಹ್ಯಾಂಗೋವರ್‌ನಲ್ಲಿ ಓಡುತ್ತಿದ್ದೇನೆ" ಅಂತ ಅವರು ಅಂದುಕೊಂಡಿದ್ದ ಎಷ್ಟೋ ಭಾನುವಾರಗಳಲ್ಲಿ ಹ್ಯಾಂಗೋವರ್ ಪೂರ್ತಿ ಶುರುವೂ ಆಗಿರಲಿಲ್ಲ. ಹ್ಯಾಂಗೋವರ್ ಜೋರಾಗುವುದು ರಕ್ತದ ಆಲ್ಕೋಹಾಲ್ ಸೊನ್ನೆಯ ಹತ್ತಿರ ಬಂದಾಗ. ಅವರ ತಲೆನೋವು ಬರುತ್ತಿದ್ದುದೂ ಓಟ ಮುಗಿದ ಮೇಲೆ, ಹತ್ತು ಗಂಟೆಗೆ. ಅದಕ್ಕೆ ಅವರು ಬಿಸಿಲನ್ನು ಬೈಯುತ್ತಿದ್ದರು!

ಒಳಗೆ ಏನಾಗುತ್ತಿತ್ತು

ನಿದ್ದೆಯದು ಗ್ರಾಫಿನಲ್ಲೇ ಕಾಣುತ್ತದೆ. ಕುಡಿದವರಿಗೆ ನಿದ್ದೆ ಬೇಗ ಹತ್ತುತ್ತದೆ, ಅದಕ್ಕೇ ಚೆನ್ನಾಗಿ ನಿದ್ದೆ ಬಂತು ಅನ್ನುತ್ತಾರೆ. ಆದರೆ ಕನಸಿನ ನಿದ್ದೆ ಕಮ್ಮಿಯಾಗುತ್ತದೆ. ರಾತ್ರಿಯ ಎರಡನೇ ಅರ್ಧದಲ್ಲಿ ಮತ್ತೆ ಮತ್ತೆ ಎಚ್ಚರವಾಗುತ್ತದೆ. ಹೃದಯಕ್ಕೆ ಸಿಗಬೇಕಾದ ಬಿಡುವು ಸಿಗುವುದಿಲ್ಲ.

ಮೂತ್ರದ್ದು ಎಲ್ಲರಿಗೂ ಗೊತ್ತಿರುವ ವಿಷಯ. ನೀರನ್ನು ಹಿಡಿದಿಡು ಅಂತ ಮೂತ್ರಪಿಂಡಕ್ಕೆ ಹೇಳುವ ಹಾರ್ಮೋನ್ ಒಂದಿದೆ, ವ್ಯಾಸೊಪ್ರೆಸಿನ್ ಅಂತ. ಆಲ್ಕೋಹಾಲ್ ಅದರ ಬಾಯಿ ಮುಚ್ಚಿಸುತ್ತದೆ. ಒಂದು ಗ್ರಾಂ ಆಲ್ಕೋಹಾಲಿಗೆ ಸುಮಾರು 10 ಮಿಲಿ ಹೆಚ್ಚುವರಿ ಮೂತ್ರ ಅಂತ 1942ರಷ್ಟು ಹಿಂದೆಯೇ ಅಳೆದಿದ್ದಾರೆ. ಆ ಲೆಕ್ಕದಲ್ಲಿ ಇವರದು ಒಂದು ಲೀಟರ್. ಬಿಯರಿನಲ್ಲೇ ಒಂದೂವರೆ ಲೀಟರ್ ನೀರು ಇತ್ತಲ್ಲ ಅಂತ ಅವರು ಜಾಣತನದ ಪ್ರಶ್ನೆ ಹಾಕಿದರು. ಸರಿಯೇ. ಆದರೆ ಬೆಳಗಿನ ಏರುದಾರಿಯ ಓಟದಲ್ಲಿ ಬೆವರಿ ಕಳೆದುಕೊಂಡದ್ದನ್ನು ದಿನವಿಡೀ ತುಂಬಿಕೊಂಡಿರಲಿಲ್ಲ. ವ್ಯಾಯಾಮದಲ್ಲಿ ಬೆವರಿದವರಿಗೆ ಬೇರೆ ಬೇರೆ ಪ್ರಮಾಣದ ಆಲ್ಕೋಹಾಲ್ ಇರುವ ಪಾನೀಯ ಕೊಟ್ಟು 1997ರಲ್ಲಿ ಒಂದು ಪ್ರಯೋಗ ನಡೆಯಿತು. ಶೇ. 1, 2 ಇದ್ದಾಗ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಶೇ. 4 ಆದಾಗ ಮೂತ್ರ ಜಾಸ್ತಿಯಾಯಿತು, ರಕ್ತದ ಪ್ರಮಾಣ ಮೊದಲಿನ ಸ್ಥಿತಿಗೆ ಬರುವುದು ತಡವಾಯಿತು. ಇವರ ಬಿಯರ್ ಶೇ. 5ರದ್ದು. ಭಾನುವಾರ ಬೆಳಿಗ್ಗೆ ತಕ್ಕಡಿ ಮೇಲೆ ನಿಂತರೆ 69.3, ಬೇರೆ ದಿನ 70.2. "ತೂಕ ಇಳಿದಿದೆ, ಒಳ್ಳೇದೇ ಅಲ್ವಾ" ಅಂತ ಅವರು ಅದನ್ನು ಲಾಭದ ಪಟ್ಟಿಗೆ ಸೇರಿಸಿದ್ದರು.

ಲಾಂಗ್ ರನ್ನಿನಲ್ಲಿ 12 ಕಿ.ಮೀ. ದಾಟುತ್ತಿದ್ದ ಹಾಗೆ ತಲೆ ಹಗುರಾಗಿ, ಕಾಲು ಖಾಲಿಯಾಗುತ್ತಿತ್ತು. ಎರಡು ಕಾರಣ. ಮೊದಲನೆಯದು, ಲಿವರ್ ಆಲ್ಕೋಹಾಲ್ ಕರಗಿಸುವ ಕೆಲಸದಲ್ಲಿ ಮುಳುಗಿದಾಗ ಹೊಸದಾಗಿ ಸಕ್ಕರೆ ತಯಾರಿಸುವ ಕೆಲಸ ಕುಂಟುತ್ತದೆ. ಓಡುವವರಿಗೆ ಆ ಸಕ್ಕರೆ ಬೇಕೇ ಬೇಕು. ಎರಡನೆಯದು ಇನ್ನೂ ಸರಳ: ಅವರು ಶನಿವಾರ ರಾತ್ರಿ ಊಟವನ್ನೇ ಮಾಡುತ್ತಿರಲಿಲ್ಲ. ಗ್ಲಾಸಿನ ಜೊತೆ ಕರಿದ ತಿಂಡಿ, ಅಷ್ಟೇ. ಅಷ್ಟು ಓಡಿದ ದಿನ ಅವರ ತೂಕಕ್ಕೆ ಕನಿಷ್ಠ 350 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಮೂರು ಬಿಯರಿನಿಂದ ಸಿಗುವುದು 50 ಗ್ರಾಂ ಆಸುಪಾಸು. ಆಲ್ಕೋಹಾಲಿನ ಕ್ಯಾಲರಿ ಬೇರೆ ಇದೆ, ಗ್ರಾಂಗೆ 7ರಂತೆ ಸುಮಾರು 680. ಆದರೆ ಅದು ಮಾಂಸಖಂಡದಲ್ಲಿ ಗ್ಲೈಕೋಜನ್ ಆಗಿ, ಅಂದರೆ ಓಟಕ್ಕೆ ಕೂಡಿಟ್ಟ ಸಕ್ಕರೆಯಾಗಿ, ಕೂರುವುದಿಲ್ಲ. ಹೊಟ್ಟೆ ತುಂಬಿದ ಹಾಗೆ ಅನ್ನಿಸುತ್ತದೆ, ಟ್ಯಾಂಕ್ ಮಾತ್ರ ಖಾಲಿ. ಗ್ಲೈಕೋಜನ್ ಬಗ್ಗೆ 2003ರಲ್ಲಿ ಪ್ರಕಟವಾದ ಅಧ್ಯಯನವೂ ಇದೇ ಕಡೆ ಬೆರಳು ತೋರಿಸುತ್ತದೆ. ಊಟದ ಜಾಗವನ್ನು ಆಲ್ಕೋಹಾಲ್ ಕಿತ್ತುಕೊಂಡಾಗ ಸಂಗ್ರಹ ಚೆನ್ನಾಗಿಯೇ ಕುಸಿಯಿತು. ಪೂರ್ತಿ ಕಾರ್ಬೋಹೈಡ್ರೇಟ್ ತಿಂದು ಅದರ ಮೇಲೆ ಕುಡಿದಾಗ ಅಷ್ಟು ಸ್ಪಷ್ಟವಾದ ನಷ್ಟ ಕಾಣಲಿಲ್ಲ.

ಇಷ್ಟೂ ಭಾನುವಾರದ ಕತೆ. ಅವರ ದೂರು ಮಂಗಳವಾರದ್ದು. ಅಷ್ಟೊತ್ತಿಗೆ ಕುಡಿದು ಎರಡೂವರೆ ದಿನ ಆಗಿದೆ, ರಕ್ತದಲ್ಲಿ ಆಲ್ಕೋಹಾಲ್ ಹನಿಯೂ ಇಲ್ಲ. ಸೋಮವಾರ ಚೆನ್ನಾಗಿ ತಿಂದಿದ್ದಾರೆ, ಮಲಗಿದ್ದಾರೆ. ಹಾಗಾದರೆ?

ಇಲ್ಲಿ ಶನಿವಾರ ಬೆಳಗಿನ ಓಟಕ್ಕೆ ವಾಪಸ್ ಹೋಗಬೇಕು. ಕಷ್ಟದ ವ್ಯಾಯಾಮದಿಂದ ಶಕ್ತಿ ಬರುವುದಿಲ್ಲ. ವ್ಯಾಯಾಮ ಮಾಂಸಖಂಡವನ್ನು ಕೆಡವುತ್ತದೆ, ಅಷ್ಟೇ. ಶಕ್ತಿ ಬರುವುದು ಆಮೇಲಿನ ಒಂದೆರಡು ದಿನ ನಡೆಯುವ ರಿಪೇರಿಯಲ್ಲಿ, ದೇಹ ಹೊಸ ಪ್ರೋಟೀನ್ ಕಟ್ಟುವಾಗ. 2014ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಎಂಟು ಗಂಡಸರಿಗೆ ಭಾರ ಎತ್ತಿಸಿ, ಸೈಕಲ್ ತುಳಿಸಿ, ಆಮೇಲೆ ಕೆಜಿಗೆ 1.5 ಗ್ರಾಂ ಆಲ್ಕೋಹಾಲ್ ಕುಡಿಸಿ ಈ ರಿಪೇರಿಯನ್ನೇ ಅಳೆದರು. ಆಲ್ಕೋಹಾಲ್ ಜೊತೆ ಪ್ರೋಟೀನ್ ಕೊಟ್ಟಾಗಲೂ, ಬರೀ ಪ್ರೋಟೀನ್ ಕೊಟ್ಟಾಗ ಆಗುವುದಕ್ಕಿಂತ ಶೇ. 24 ಕಡಿಮೆ. ಆಲ್ಕೋಹಾಲ್ ಜೊತೆ ಪ್ರೋಟೀನ್ ಬದಲು ಕಾರ್ಬೋಹೈಡ್ರೇಟ್ ಕೊಟ್ಟಾಗ ಶೇ. 37 ಕಡಿಮೆ. ಎಂಟೇ ಜನ, ಒಂದೇ ಸಂಜೆಯ ಅಳತೆ, ನಿಜ. ಆದರೆ ಪ್ರಮಾಣ ನೋಡಿ. ಅಲ್ಲಿ 1.5, ನಮ್ಮ ಓಟಗಾರರದು 1.4. ಆ ಪ್ರಯೋಗವನ್ನು ಇವರು ಪ್ರತಿ ಶನಿವಾರ ತಮ್ಮ ಮೇಲೆ ತಾವೇ ಮಾಡಿಕೊಳ್ಳುತ್ತಿದ್ದರು.

ಇನ್ನೊಂದು ಜೋಡಿ ಅಧ್ಯಯನ ನ್ಯೂಜಿಲೆಂಡಿನದು. ತೊಡೆಯ ಮಾಂಸಖಂಡಕ್ಕೆ ಬೇಕೆಂದೇ ಏಟಾಗುವಂಥ ವ್ಯಾಯಾಮ ಮಾಡಿಸಿ ಆಮೇಲೆ ಕುಡಿಸಿದರು. 2010ರ ವರದಿಯಲ್ಲಿ ಕೆಜಿಗೆ 1 ಗ್ರಾಂ ಕುಡಿದವರ ಕಾಲಿನ ಬಲ 36 ಗಂಟೆ ಆದ ಮೇಲೂ ಕುಡಿಯದಿದ್ದಾಗ ಇದ್ದುದಕ್ಕಿಂತ ಜಾಸ್ತಿ ಕುಸಿದಿತ್ತು. 2011ರ ವರದಿಯಲ್ಲಿ ಅದನ್ನೇ ಅರ್ಧ ಗ್ರಾಂ ಕೊಟ್ಟು ನೋಡಿದರು. ವ್ಯತ್ಯಾಸ ಸಿಗಲಿಲ್ಲ. ಈ ಎರಡನೆಯ ವರದಿ ನನಗೆ ತುಂಬ ಇಷ್ಟ. ಒಂದು ಹನಿ ಮುಟ್ಟಿದರೂ ಕೆಟ್ಟೆ ಅಂತ ಹೆದರಿಸುವವರ ಮಾತು ಯಾರೂ ಕೇಳುವುದಿಲ್ಲ. ಎಲ್ಲಿಂದ ಕೆಡುತ್ತದೆ ಅಂತ ಹೇಳಿದರೆ ಕೇಳುತ್ತಾರೆ.

ಏರುದಾರಿಯ ಓಟದಲ್ಲಿ ಇಳಿಯುವಾಗಲೇ ತೊಡೆಗೆ ಜಾಸ್ತಿ ಏಟು. ಆ ಏಟು ವಾಸಿಯಾಗಬೇಕಾದ ರಾತ್ರಿಯೇ ಕುಡಿತ. ಅರ್ಧ ರಿಪೇರಿಯಾದ ಕಾಲಿನ ಮೇಲೆ, ಖಾಲಿ ಟ್ಯಾಂಕಿನಲ್ಲಿ ಭಾನುವಾರ 18 ಕಿ.ಮೀ. ಮಂಗಳವಾರ ಕಾಲಲ್ಲಿ ಮರಳು ತುಂಬದೆ ಇನ್ನೇನು ತುಂಬುತ್ತದೆ?

ಒಂಬತ್ತು ವಾರ

ಕುಡಿಯುವುದು ಬಿಡಿ ಅಂತ ನಾನು ಹೇಳಲಿಲ್ಲ. ಹೇಳಿದ್ದರೆ ಅವರು ನನ್ನನ್ನೇ ಬಿಡುತ್ತಿದ್ದರು ಅನ್ನುವುದು ಒಂದು ಕಾರಣ. "ವಾರದಲ್ಲಿ ಮನುಷ್ಯರ ಜೊತೆ ನಗೋದು ಅದೊಂದೇ ರಾತ್ರಿ" ಅಂತ ಅವರು ಹೇಳಿದ್ದೂ ಒಂದು ಕಾರಣ. ಅದು ಸಣ್ಣ ಮಾತಲ್ಲ. ಹೀಗೆ ಒಪ್ಪಂದವಾಯಿತು: ಮೂರು ವಾರ ಏನೂ ಬದಲಾಯಿಸದೆ ಬರೆದಿಡುವುದು. ಮೂರು ವಾರ ಶನಿವಾರ ಸ್ನೇಹಿತರ ಜೊತೆ ಕೂರುವುದು, ಆದರೆ ಆಲ್ಕೋಹಾಲ್ ಇಲ್ಲದ ಬಿಯರ್. ಆಮೇಲಿನ ಮೂರು ವಾರ ಇನ್ನೊಂದು ಥರ.

ಮೊದಲ ಮೂರು ಭಾನುವಾರ ಬೆಳಗಿನ ನಾಡಿ 62, 64, 63. ಲಾಂಗ್ ರನ್ನಿನ ಸರಾಸರಿ ಬಡಿತ 158. ಮಂಗಳವಾರಗಳು ಮೇಲೆ ಬರೆದ ಹಾಗೇ, ಆರನ್ನು ಮುಗಿಸಿದ್ದು ಒಂದೇ ಒಂದು ವಾರ.

ನಾಲ್ಕನೇ ವಾರ ಪವಾಡ ಆಗುತ್ತದೆ ಅಂದುಕೊಂಡಿದ್ದರು. ಆಗಲಿಲ್ಲ. ಶನಿವಾರ ಹನ್ನೊಂದಕ್ಕೇ ಮಲಗಿ ಒಂದು ಗಂಟೆವರೆಗೂ ಹೊರಳಾಡಿದರು. "ಕುಡಿದೇ ಇದ್ರೂ ಇದೇ ಹಣೆಬರಹ" ಅಂತ ರಾತ್ರಿಯೇ ಮೆಸೇಜ್ ಹಾಕಿದ್ದರು. ನಾಡಿ ಮಾತ್ರ 55ಕ್ಕೆ ಬಂದಿತ್ತು. ಮಂಗಳವಾರ ಐದು ಸರಿಯಾಗಿ ಬಂತು, ಆರನೆಯದು 4:41. ಐದನೇ ವಾರ ಭಾನುವಾರದ ನಾಡಿ 51, ಅದೇ ದಾರಿಯ ಲಾಂಗ್ ರನ್ನಿನಲ್ಲಿ ಸರಾಸರಿ 147. ಮಂಗಳವಾರ ಆರೂ 4:29ರಿಂದ 4:33ರ ಒಳಗೆ. ಆರನೇ ವಾರ ತೂಕ 70.8 ಆಯಿತು. ಅವರಿಗೆ ಗಾಬರಿ. ಕುಡಿಯದೇ ಇದ್ದರೆ ತೂಕ ಏರುತ್ತಾ ಅಂತ! ಮಾಂಸಖಂಡದಲ್ಲಿ ಒಂದು ಗ್ರಾಂ ಗ್ಲೈಕೋಜನ್ ಕೂತರೆ ಅದರ ಜೊತೆ ಸುಮಾರು ಮೂರು ಗ್ರಾಂ ನೀರೂ ಕೂರುತ್ತದೆ. ಟ್ಯಾಂಕ್ ತುಂಬಿದ್ದಕ್ಕೆ ತಕ್ಕಡಿ ಕೊಟ್ಟ ಲೆಕ್ಕ ಅದು ಅಂತ ನನ್ನ ಅಂದಾಜು. ಆ ಮಂಗಳವಾರ ಆರನೆಯದೇ ಎಲ್ಲಕ್ಕಿಂತ ವೇಗದ್ದು, 4:27.

ಏಳನೇ ವಾರದಿಂದ ಹೊಸ ಏರ್ಪಾಡು. ಶನಿವಾರ ಬೇಡ, ಭಾನುವಾರ ಸಂಜೆ. ಮರುದಿನ ಹೇಗೂ ವಿಶ್ರಾಂತಿ. ಮೊದಲು ಊಟ, ಆಮೇಲೆ 330 ಮಿಲಿಯ ಎರಡು ಬಿಯರ್. ಎಂಟೂವರೆಗೆ ಕೊನೆ. ಅಲ್ಲಿಗೆ 26 ಗ್ರಾಂ, ಕೆಜಿಗೆ 0.37. ಸ್ನೇಹಿತರು ಗೊಣಗಿದರು, ಆದರೆ ದಿನ ಬದಲಾಯಿಸಿದರು. ಸೋಮವಾರದ ನಾಡಿ 53 ಆಯಿತು. ಮಂಗಳವಾರಕ್ಕೆ ಅದರ ಗುರುತೂ ಇರಲಿಲ್ಲ.

ಎಂಟನೇ ವಾರ ಪ್ಲಾನ್ ಕೆಟ್ಟಿತು. ಸ್ನೇಹಿತರೊಬ್ಬರು ಕೆಲಸ ಬಿಟ್ಟು ದೂರ ಹೋಗುತ್ತಿದ್ದರು. ಶನಿವಾರ ರಾತ್ರಿ ಬೀಳ್ಕೊಡುಗೆ. ನೋಟ್‌ಬುಕ್ಕಿನಲ್ಲಿ "5? 6? ಲೆಕ್ಕ ತಪ್ಪಿತು" ಅಂತ ಇದೆ. ಭಾನುವಾರ ನಾಡಿ 65. ಲಾಂಗ್ ರನ್ 11 ಕಿ.ಮೀ.ಗೆ ನಿಂತಿತು. ಮಂಗಳವಾರ 4:32, 4:36, 4:43, 4:50, ಅಲ್ಲಿಗೆ ಸಾಕು ಅಂದರು. ಅವರಿಗೆ ತುಂಬ ನಾಚಿಕೆಯಾಗಿತ್ತು. ನನಗೆ ನಿಜ ಹೇಳಬೇಕೆಂದರೆ ಒಳಗೊಳಗೇ ಖುಷಿ. ಆವರೆಗೆ ಒಂದು ಅನುಮಾನ ಇದ್ದೇ ಇತ್ತು. ಆರೇಳು ವಾರ ಓಡಿದರೆ ಯಾರಾದರೂ ಸುಧಾರಿಸುತ್ತಾರೆ. ಬರೆದಿಡುತ್ತಿದ್ದೇನೆ ಅನ್ನುವ ಎಚ್ಚರದಿಂದಲೂ ಸುಧಾರಿಸುತ್ತಾರೆ. ನನ್ನನ್ನು ಮೆಚ್ಚಿಸಬೇಕು ಅಂತಲೂ ಜೋರಾಗಿ ಓಡಬಹುದು. ಆದರೆ ಆ ಒಂದೇ ರಾತ್ರಿ ಹಳೇ ಮಂಗಳವಾರವನ್ನು ಎತ್ತಿ ತಂದು ಮುಂದೆ ಇಟ್ಟಿತು. ಬೇಕೆಂದರೂ ಅಂಥ ಪರೀಕ್ಷೆ ಮಾಡಿಸಲು ನನಗೆ ಮನಸ್ಸು ಬರುತ್ತಿರಲಿಲ್ಲ.

ಒಂಬತ್ತನೇ ವಾರ ಮತ್ತೆ ಸರಿಹೋಯಿತು. ಹತ್ತನೇ ವಾರದ ಕೊನೆಗೆ 10 ಕಿ.ಮೀ. ಓಡಿಸಿದೆ. 47 ನಿಮಿಷ 12 ಸೆಕೆಂಡ್. ಒಂದೂವರೆ ವರ್ಷದಿಂದ ಅಲುಗಾಡದ ಅಂಕಿ ಒಂದೂವರೆ ನಿಮಿಷ ಇಳಿಯಿತು. ಅದಷ್ಟೂ ಕುಡಿತ ಬದಲಾಯಿಸಿದ್ದರಿಂದಲೇ ಅಂತ ನಾನು ಹೇಳುವುದಿಲ್ಲ. ಆರು ಸುತ್ತು ಪೂರ್ತಿ ಮಾಡಿದ ಮಂಗಳವಾರಗಳಿಂದ ಅಂತ ಹೇಳುತ್ತೇನೆ. ಆ ಮಂಗಳವಾರಗಳು ಸಿಕ್ಕಿದ್ದು ಶನಿವಾರ ಬದಲಾದ ಮೇಲೆ.

ಬ್ರಾಂದಿ ಕುಡಿದು ಗೆದ್ದವರು

ಅವರ ಸ್ನೇಹಿತರಲ್ಲಿ ಒಬ್ಬರು ಈ ಪ್ರಯೋಗದ ಉದ್ದಕ್ಕೂ ನನಗೆ ಅವರ ಮೂಲಕ ಸವಾಲು ಕಳಿಸುತ್ತಿದ್ದರು. "ಹಿಂದೆ ಬ್ರಾಂದಿ ಕುಡಿದೇ ಮ್ಯಾರಥಾನ್ ಗೆದ್ದಿದ್ದಾರಂತೆ, ನಿಮ್ಮ ಕೋಚ್‌ಗೆ ಹೇಳಿ" ಅಂತ. ಮಾತು ಸುಳ್ಳಲ್ಲ. 1904ರ ಸೇಂಟ್ ಲೂಯಿಸ್ ಒಲಿಂಪಿಕ್ಸ್ ಮ್ಯಾರಥಾನಿನಲ್ಲಿ ಥಾಮಸ್ ಹಿಕ್ಸ್‌ಗೆ ದಾರಿಯಲ್ಲಿ ಬ್ರಾಂದಿ ಕುಡಿಸಿದ್ದರು, ಜೊತೆಗೆ ಮೊಟ್ಟೆಯ ಬಿಳಿ ಭಾಗ ಮತ್ತು ಸ್ಟ್ರಿಕ್ನಿನ್ ಅನ್ನುವ ವಿಷ. ಅವರು ಗೆದ್ದದ್ದು ಮೂರು ಗಂಟೆ 28 ನಿಮಿಷ ದಾಟಿದ ಮೇಲೆ, ಅದೂ ಅರೆಪ್ರಜ್ಞೆಯಲ್ಲಿ ಇತರರ ಆಸರೆಯಿಂದ. ಬ್ರಾಂದಿಯಿಂದ ಗೆದ್ದರು ಅನ್ನುವವರು ಸ್ಟ್ರಿಕ್ನಿನ್ನನ್ನೂ ಶಿಫಾರಸು ಮಾಡಬೇಕಾಗುತ್ತದೆ.

ಆಲ್ಕೋಹಾಲಿನಿಂದ ಆಟಗಾರರಿಗೆ ಲಾಭ ಆಗಬಹುದಾದ ಒಂದು ಜಾಗ ಇದೆ. ಗುರಿ ಇಡುವ ಆಟಗಳಲ್ಲಿ ಕೈ ನಡುಕ ತಗ್ಗುತ್ತದೆ ಅನ್ನುವ ನಂಬಿಕೆ. 1968ರ ಮೆಕ್ಸಿಕೋ ಒಲಿಂಪಿಕ್ಸ್‌ನಲ್ಲಿ ಸ್ವೀಡನ್ನಿನ ಪೆಂಟಾಥ್ಲಾನ್ (ಪಿಸ್ತೂಲಿನ ಗುರಿಯೂ ಸೇರಿ ಐದು ಸ್ಪರ್ಧೆಗಳ ಆಟ) ಆಟಗಾರ ಹಾನ್ಸ್ ಗುನ್ನರ್ ಲಿಲ್ಯೆನ್‌ವಾಲ್ ಪಿಸ್ತೂಲಿನ ಸ್ಪರ್ಧೆಗೆ ಮೊದಲು ನರ ತಣ್ಣಗಾಗಲಿ ಅಂತ ಎರಡು ಬಿಯರ್ ಕುಡಿದೆ ಅಂದರು. ತಂಡದ ಕಂಚಿನ ಪದಕವೇ ಹೋಯಿತು. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ವಾಡಾ ಬಿಲ್ಲುಗಾರಿಕೆಯಂಥ ಕೆಲವು ಆಟಗಳಿಗೆ ಆಲ್ಕೋಹಾಲನ್ನು ನಿಷೇಧಿತ ಪಟ್ಟಿಯಲ್ಲಿ ಇಟ್ಟಿತ್ತು. 2018ರಲ್ಲಿ ಪಟ್ಟಿಯಿಂದ ತೆಗೆಯಿತು, ಆ ಕೆಲಸವನ್ನು ಆಯಾ ಆಟದ ಒಕ್ಕೂಟಗಳಿಗೆ ಬಿಟ್ಟಿತು. ಓಟಕ್ಕೆ ಇದ್ಯಾವುದೂ ಸಂಬಂಧ ಇಲ್ಲ. ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ 1982ರಲ್ಲೇ ತನ್ನ ನಿಲುವು ಹೇಳಿಬಿಟ್ಟಿತ್ತು: ಆಲ್ಕೋಹಾಲ್ ದೇಹದ ಕೆಲಸದ ಸಾಮರ್ಥ್ಯವನ್ನು ಹೆಚ್ಚಿಸುವುದಿಲ್ಲ, ಕೈ ಕಣ್ಣಿನ ಹೊಂದಾಣಿಕೆಯನ್ನು ಕೆಡಿಸುತ್ತದೆ. ಸ್ನೇಹಿತರಿಗೆ ಇಷ್ಟನ್ನೂ ತಲುಪಿಸಿದೆ. ಉತ್ತರ ಬರಲಿಲ್ಲ.

ಬೇರೆಯವರಿಗೆ ಇದನ್ನು ಅನ್ವಯಿಸುವ ಮೊದಲು

ಇದು ಒಬ್ಬರ ಕತೆ, ಅದೂ ವಾರಕ್ಕೊಮ್ಮೆ ಕುಡಿಯುವವರದು. ಹೆಂಗಸರ ದೇಹದಲ್ಲಿ ನೀರಿನ ಪಾಲು ಕಮ್ಮಿ. ಹಾಗಾಗಿ ಅದೇ ತೂಕಕ್ಕೆ, ಅಷ್ಟೇ ಕುಡಿದರೂ ರಕ್ತದಲ್ಲಿ ಅಂಕಿ ಜಾಸ್ತಿ ಬರುತ್ತದೆ, ಮೇಲಿನ ಗಂಟೆಗಳ ಲೆಕ್ಕ ಇನ್ನೂ ಉದ್ದವಾಗುತ್ತದೆ. ದಿನಾ ಜೋರಾಗಿ ಕುಡಿಯುವವರು ಇದನ್ನು ಓದಿ ಒಂದೇ ಸಲಕ್ಕೆ ನಿಲ್ಲಿಸಬಾರದು. ನಡುಕ, ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ಅವರು ವೈದ್ಯರ ಜೊತೆ ಮಾತಾಡಿಯೇ ಮುಂದುವರಿಯಬೇಕು. ಕುಡಿದ ಮರುದಿನ ಎದೆ ಹಾರುವುದು, ಬಡಿತ ಲಯ ತಪ್ಪುವುದು ಕಂಡರೆ ಅವತ್ತು ಓಡುವುದೇ ಬೇಡ, ವೈದ್ಯರಿಗೆ ತೋರಿಸಿ. ಒಂದೇ ಕೂತಿನಲ್ಲಿ ಜಾಸ್ತಿ ಕುಡಿದ ಮೇಲೆ ಬರುವ ಈ ಲಯದೋಷಕ್ಕೆ 1978ರಲ್ಲೇ "ಹಾಲಿಡೇ ಹಾರ್ಟ್" ಅಂತ ಹೆಸರು ಬಿದ್ದಿದೆ.

ನನ್ನ ಓಟಗಾರರು ಇನ್ನೊಂದು ಕೆಲಸ ಮಾಡುತ್ತಿದ್ದರು, ತಡವಾಗಿ ಗೊತ್ತಾಯಿತು. ಭಾನುವಾರದ ಹತ್ತು ಗಂಟೆಯ ತಲೆನೋವಿಗೆ ಪ್ಯಾರಸಿಟಮಾಲ್, ತೊಡೆ ನೋವಿಗೆ ಐಬುಪ್ರೊಫೆನ್. ಮೊದಲನೆಯದು ಆಗಲೇ ದಣಿದ ಲಿವರ್ ಮೇಲೆ ಹೊರೆ. ಎರಡನೆಯದು ಆಲ್ಕೋಹಾಲ್ ಜೊತೆ ಸೇರಿ ಹೊಟ್ಟೆಯ ಒಳಪದರ ಕೆಡಿಸುತ್ತದೆ, ನೀರು ಕಮ್ಮಿಯಾದ ದೇಹದಲ್ಲಿ ಮೂತ್ರಪಿಂಡಕ್ಕೂ ಒಳ್ಳೆಯದಲ್ಲ. ಇದನ್ನು ಮಾತ್ರ ನಾನು ಒಪ್ಪಂದ ಗಿಪ್ಪಂದ ಇಲ್ಲದೆ ನೇರವಾಗಿ ನಿಲ್ಲಿಸಿ ಅಂದೆ.

ಎರಡು ಬಿಯರ್ ಪರವಾಗಿಲ್ಲ ಅಂತ ನಾನು ಹೇಳಿದ್ದು ಮಂಗಳವಾರದ ಓಟದ ದೃಷ್ಟಿಯಿಂದ ಮಾತ್ರ. ಆರೋಗ್ಯದ ದೃಷ್ಟಿಯಿಂದ ಸುರಕ್ಷಿತ ಪ್ರಮಾಣ ಅಂತ ಯಾವುದೂ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಅದು ಬೇರೆ ತಕ್ಕಡಿ. ಎರಡನ್ನೂ ಅವರಿಗೆ ತೋರಿಸಿದ್ದೇನೆ.

ಫಾರ್ಮಿನ ಆ ಪ್ರಶ್ನೆಯನ್ನು ಹೊಡೆದುಹಾಕಿದೆ. ಈಗ ಅಲ್ಲಿ ಹೀಗಿದೆ: "ಕಳೆದ ಸಲ ಕುಡಿದದ್ದು ಯಾವ ದಿನ? ಏನು, ಎಷ್ಟು ಗ್ಲಾಸ್? ಎಷ್ಟು ಗಂಟೆಗೆ ಮುಗಿಸಿದಿರಿ? ಮರುದಿನ ಏನು ಓಡಿದಿರಿ?" ಹೊಸದಾಗಿ ಬಂದವರೊಬ್ಬರು ಮೊನ್ನೆ ಅದನ್ನು ತುಂಬುತ್ತಾ ಮಧ್ಯದಲ್ಲಿ ಪೆನ್ನು ನಿಲ್ಲಿಸಿ, ಬೆರಳಲ್ಲಿ ಗಂಟೆ ಎಣಿಸುತ್ತಿದ್ದರು.

47:12 ಬಂದ ದಿನ ಸಂಜೆ ಓಟಗಾರರ ಫೋನ್ ಬಂತು. ಸ್ನೇಹಿತರೆಲ್ಲ ಸೇರಿದ್ದಾರೆ, ಇವತ್ತಾದರೂ ರಜೆ ಉಂಟಾ ಅಂತ. "ಊಟ ಆಯ್ತಾ?" ಅಂತ ಕೇಳಿದೆ. ಆಗಿರಲಿಲ್ಲ. ಮರುದಿನ ಅವರು ಕಳಿಸಿದ ನೋಟ್‌ಬುಕ್ಕಿನ ಫೋಟೋದಲ್ಲಿ ಹೀಗಿತ್ತು: "ಮೊದಲು ಊಟ. 330ರ ಮೂರು. 10:40ಕ್ಕೆ ಮಲಗಿದೆ. ನಾಡಿ 56. ಇವತ್ತು ಓಟ ಇಲ್ಲ."